ಪಿಂಗ್ 620 ಬಂತು ಅಂತ ಡಿಶ್ ಬದಲಾಯಿಸಬೇಡಿ: ತೋಟದ ಮನೆಯ ಉಪಗ್ರಹ ಇಂಟರ್ನೆಟ್‌ನಲ್ಲಿ ತಡ ಎಲ್ಲಿ ಆಗ್ತಿದೆ ಅಂತ ಹುಡುಕುವ ಬಗೆ

ಕಳೆದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಒಂದು ಸಂಜೆ ನಾಪೋಕ್ಲು ಕಡೆಯ ಹೋಂಸ್ಟೇಯಿಂದ ವಾಟ್ಸಾಪ್ ಕರೆ ಬಂತು. ನಡೆಸುವವರು ಹಳೆಯ ಪರಿಚಯ, ನಾನು ಅಕ್ಕ ಅಂತಲೇ ಕರೆಯುವುದು. ಅವರು ಹಲೋ ಅಂದಾಗ ನಾನೂ ಹಲೋ ಅಂದೆ. ಇಬ್ಬರೂ ಸುಮ್ಮನಾದೆವು. ಮತ್ತೆ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡಿದೆವು. ಹೀಗೇ ನಾಲ್ಕು ಸಲ ಆಯಿತು. ಅವರು ವಿಷಯ ಹೇಳುವ ಮೊದಲೇ ಅರ್ಧ ಸಮಸ್ಯೆ ಕಿವಿಗೆ ಬಿದ್ದಿತ್ತು.

"ತಮ್ಮಾ, ನೆಟ್ ಪೂರಾ ಹಾಳಾಗಿ ಉಂಟು. ಸ್ಪೀಡ್ ನೋಡಿದ್ರೆ 15 ಎಂಬಿ ತೋರಿಸ್ತದೆ. ಆದ್ರೆ ಒಂದು ಪೇಜ್ ಬರ್ಲಿಕ್ಕೆ ಅರ್ಧ ನಿಮಿಷ ಬೇಕು. ಗೆಸ್ಟ್‌ಗಳು ಯುಪಿಐ ಮಾಡಿದ್ರೆ ಸುತ್ತುತ್ತಾ ಕೂರ್ತದೆ. ಡಿಶ್ಶೇ ಬದಲಾಯಿಸ್ಬೇಕು ಅಂತಾರೆ."

"ಏನೂ ಬದಲಾಯಿಸ್ಬೇಡಿ ಅಕ್ಕ. ನಾಳೆ ಬರ್ತೇನೆ."

ಮರುದಿನ ಹೋಗಿ ಅಳೆದಾಗ ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, 2,100 ಮಿಲಿಸೆಕೆಂಡ್ ಇತ್ತು. ಅದರಲ್ಲಿ ಸುಮಾರು 620 ಯಾವ ದೋಷವೂ ಅಲ್ಲ. ಅದು ಉಪಗ್ರಹದ ಎತ್ತರದಿಂದ ಬರುವ ತಡ. ಡಿಶ್ ಹೊಸದಾದರೂ ಇರುತ್ತದೆ, ಪ್ಲಾನ್ ದುಬಾರಿಯಾದರೂ ಇರುತ್ತದೆ. ಉಳಿದ 1,500 ಮಾತ್ರ ದೋಷ. ಅದನ್ನು ಹುಡುಕಬಹುದು, ಸರಿಪಡಿಸಬಹುದು. ಈ ಎರಡು ಪಾಲನ್ನು ಬೇರೆ ಮಾಡದೆ ರಿಪೇರಿಗೆ ಇಳಿದರೆ ಹಣವೂ ಹೋಗುತ್ತದೆ, ತಡವೂ ಉಳಿಯುತ್ತದೆ. ಕೊಡಗಿನಲ್ಲಿ ಹೀಗೆ ಸುಮ್ನೆ ಹಣ ಕಳೆದುಕೊಂಡವರನ್ನು ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೂರದ ಪಾಲು

ನೀವು ಒಂದು ಲಿಂಕ್ ಒತ್ತಿದರೆ ಆ ಕೋರಿಕೆ ನಿಮ್ಮ ಡಿಶ್‌ನಿಂದ ಉಪಗ್ರಹಕ್ಕೆ ಏರುತ್ತದೆ. ಅಲ್ಲಿಂದ ಕಂಪನಿಯ ದೊಡ್ಡ ಡಿಶ್ ಇರುವ ಹಬ್‌ಗೆ ಇಳಿಯುತ್ತದೆ. ಉತ್ತರ ಬರುವಾಗ ಹಬ್‌ನಿಂದ ಮತ್ತೆ ಮೇಲೆ, ಅಲ್ಲಿಂದ ನಿಮ್ಮ ಮಾಡಿನ ಮೇಲಿನ ಡಿಶ್‌ಗೆ. ಒಟ್ಟು ನಾಲ್ಕು ಸಲ ಆಕಾಶದ ದಾರಿ.

ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಹೋಗುತ್ತದೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಅಂದರೆ ಒಂದು ಮಿಲಿಸೆಕೆಂಡಿಗೆ 300 ಕಿಲೋಮೀಟರ್. ದಾರಿ ನಾಲ್ಕು ಸಲ ಇರುವುದರಿಂದ 300ನ್ನು ನಾಲ್ಕರಿಂದ ಭಾಗಿಸಿ, 75 ಬರುತ್ತದೆ. ಹಾಗಾಗಿ ಲೆಕ್ಕ ಬಹಳ ಸುಲಭ. ಉಪಗ್ರಹದ ಎತ್ತರ ಎಷ್ಟು ಕಿಲೋಮೀಟರ್ ಇದೆಯೋ ಅದನ್ನು 75ರಿಂದ ಭಾಗಿಸಿ. ಬರುವ ಸಂಖ್ಯೆ ಹೋಗಿಬರಲು ಕಡಿಮೆ ಎಂದರೂ ಬೇಕಾಗುವ ಮಿಲಿಸೆಕೆಂಡ್. ಅದಕ್ಕಿಂತ ಕೆಳಗೆ ಯಾರಿಂದಲೂ ಇಳಿಸಲು ಆಗುವುದಿಲ್ಲ.

ಅಕ್ಕನ ಡಿಶ್ ನೋಡುವಂಥ ಭೂಸ್ಥಿರ ಉಪಗ್ರಹ (ಆಕಾಶದ ಒಂದೇ ಕಡೆ ನಿಂತ ಹಾಗೆ ಕಾಣುವಂಥದ್ದು) ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತದೆ. 75ರಿಂದ ಭಾಗಿಸಿದರೆ 477. ಕೊಡಗು ಸಮಭಾಜಕದ ಮೇಲಿಲ್ಲ, ಸುಮಾರು 12 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ನಮ್ಮ ಡಿಶ್‌ನಿಂದ ಓರೆಯಾಗಿ ನೋಡಿದಾಗ ದೂರ 36,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಲೆಕ್ಕ 480 ಆಗುತ್ತದೆ. ಇದರ ಮೇಲೆ ಮೋಡೆಮ್ (ಡಿಶ್‌ನ ಕೇಬಲ್ ಮನೆಯೊಳಗೆ ಬಂದು ಸೇರುವ ಪೆಟ್ಟಿಗೆ) ಮತ್ತು ಹಬ್ ತಮ್ಮ ಕೆಲಸಕ್ಕೆ ತೆಗೆದುಕೊಳ್ಳುವ ಹೊತ್ತು, ನಿಮ್ಮ ಸರದಿ ಬರುವವರೆಗಿನ ಕಾಯುವಿಕೆ, ಹಬ್‌ನಿಂದ ಸರ್ವರ್‌ವರೆಗಿನ ದಾರಿ ಸೇರಿ 600ರ ಆಚೀಚೆ ನಿಲ್ಲುತ್ತದೆ. 550ರಿಂದ 700ರ ಒಳಗೆ ಅಲುಗಾಡದೆ ಇದ್ದರೆ ನಿಮ್ಮ ಡಿಶ್ ಆರೋಗ್ಯವಾಗಿದೆ ಅಂತ ತಿಳಿಯಿರಿ.

ಮಧ್ಯಮ ಕಕ್ಷೆಯ ಓ3ಬಿ ಉಪಗ್ರಹಗಳು 8,062 ಕಿಲೋಮೀಟರ್ ಎತ್ತರದಲ್ಲಿವೆ. ಲೆಕ್ಕ 107. ಒನ್‌ವೆಬ್ ಉಪಗ್ರಹಗಳು 1,200 ಕಿಲೋಮೀಟರಿನಲ್ಲಿ, ಲೆಕ್ಕ 16. ಸ್ಟಾರ್‌ಲಿಂಕ್‌ನ ಹೆಚ್ಚಿನವು ಸುಮಾರು 550ರಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ, 550ಕ್ಕೆ ಲೆಕ್ಕ ಏಳು ಚಿಲ್ಲರೆ.

"ಹಾಗಾದ್ರೆ ಎಲ್ಲವನ್ನೂ ಕೆಳಗೇ ಇಡಬಾರದಾ?" ಅಂತ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಕೆಳಗಿರುವ ಉಪಗ್ರಹ ಬೀಳದೆ ಉಳಿಯಬೇಕಾದರೆ ವೇಗವಾಗಿ ಸುತ್ತಲೇಬೇಕು. 550 ಕಿಲೋಮೀಟರಿನಲ್ಲಿ ಇರುವುದು ಭೂಮಿಗೆ ಒಂದು ಸುತ್ತು ಹಾಕಲು ಸುಮಾರು 95 ನಿಮಿಷ ಸಾಕು. ನಮ್ಮ ತಲೆಯ ಮೇಲೆ ಕೆಲವೇ ನಿಮಿಷ ಕಾಣುತ್ತದೆ. ಒಂದು ಹೋದ ಮೇಲೆ ಇನ್ನೊಂದು ಬರಬೇಕಲ್ವಾ, ಅದಕ್ಕೇ ನೂರಾರು, ಸಾವಿರಾರು ಉಪಗ್ರಹ ಬೇಕು. 35,786ರಲ್ಲಿ ಮಾತ್ರ ಉಪಗ್ರಹದ ಸುತ್ತು ಭೂಮಿಯ ತಿರುಗುವಿಕೆಗೆ ಸರಿಹೊಂದುತ್ತದೆ. ಅದು ಆಕಾಶದ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ನಮ್ಮ ಪಕ್ಕದ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಮಾಡುತ್ತಿರುವುದು ಇಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲೇ ನಿಲ್ಲಿಸಿಕೊಳ್ಳುವ ಕೆಲಸ. ಡಿಶ್ ಒಮ್ಮೆ ತಿರುಗಿಸಿ ಬೋಲ್ಟ್ ಬಿಗಿದರೆ ಮುಗಿಯಿತು, ಅದರ ಬದಲಿಗೆ ನಾವು ಕೊಡುವ ಬೆಲೆ ಈ ಅರ್ಧ ಸೆಕೆಂಡ್.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಸ್ಪೀಡ್ ಬೇರೆ, ತಡ ಬೇರೆ. ಮಡಿಕೇರಿಯಿಂದ ಕುಶಾಲನಗರದ ಕ್ಯೂರಿಂಗ್‌ಗೆ ಕಾಫಿ ಕಳಿಸುತ್ತೀರಿ ಅಂತ ಇಟ್ಟುಕೊಳ್ಳಿ. ದೊಡ್ಡ ಲಾರಿ ಮಾಡಿದರೆ ಒಂದೇ ಸಲ ಜಾಸ್ತಿ ಮೂಟೆ ಹೋಗುತ್ತದೆ. ಆದರೆ ಘಾಟಿ ಇಳಿಯಲು ಬೇಕಾದ ಹೊತ್ತು ಅಷ್ಟೇ. 15 ಎಂಬಿ, ಅಂದರೆ ಸೆಕೆಂಡಿಗೆ 15 ಮೆಗಾಬಿಟ್, ಅನ್ನುವುದು ಲಾರಿಯ ಅಳತೆ. 620 ಅನ್ನುವುದು ದಾರಿಯ ಅಳತೆ.

ಮೂರು ಕಡೆ ಪಿಂಗ್ ಮಾಡಿ

ಅಳೆಯದೆ ಯಾವುದನ್ನೂ ಬಿಚ್ಚಬೇಡಿ. ಒಂದು ಲ್ಯಾಪ್‌ಟಾಪ್ ತೆಗೆದುಕೊಂಡು ರೂಟರ್‌ಗೆ ಕೇಬಲ್‌ನಲ್ಲೇ ಜೋಡಿಸಿ. ವೈಫೈ ಬೇಡ. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ವಿಳಾಸ ಹಾಕಿ. ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವ ತನಕ ಅಳೆಯುತ್ತಲೇ ಇರುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿದರೆ ನಿಲ್ಲುತ್ತದೆ. ಐದು ನಿಮಿಷ ಬಿಡಿ. ನಾಲ್ಕೇ ಪಿಂಗ್ ನೋಡಿ ತೀರ್ಮಾನ ಮಾಡಬೇಡಿ.

ಮೊದಲನೆಯದು ರೂಟರ್. ಹೆಚ್ಚಾಗಿ 192.168.1.1 ಇರುತ್ತದೆ, ರೂಟರ್‌ನ ಅಡಿಯಲ್ಲಿ ಬರೆದಿರುತ್ತಾರೆ. ಇಲ್ಲಿ ಒಂದೆರಡು ಮಿಲಿಸೆಕೆಂಡ್ ಬರಬೇಕು. ಎರಡನೆಯದು ಉಪಗ್ರಹ ಮೋಡೆಮ್. ಇದೂ ಮನೆಯೊಳಗೇ ಇರುವುದರಿಂದ ಹಾಗೇ ಬರಬೇಕು. ಮೂರನೆಯದು ಹೊರಗಿನ ಒಂದು ಸರ್ವರ್, 8.8.8.8 ಸಾಕು.

ಮೊದಲ ಪಿಂಗ್ ಮಾತ್ರ 1,200 ಬಂದು ಆಮೇಲೆ 620ಕ್ಕೆ ಇಳಿದರೆ ಗಾಬರಿ ಬೇಡ. ಒಂದು ಉಪಗ್ರಹವನ್ನು ತುಂಬಾ ಮನೆಗಳು ಹಂಚಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಮೋಡೆಮ್ ಮೊದಲು ಹಬ್ ಹತ್ತಿರ ತನ್ನ ಸರದಿ ಕೇಳಬೇಕಾಗುತ್ತದೆ. ಕೇಳುವುದಕ್ಕೂ ಮೇಲೆ ಹೋಗಿ ಬರಬೇಕು. ಅದು ಇನ್ನೊಂದು ಸುತ್ತು, ಅಷ್ಟೇ.

ಮೂರನೆಯ ಅಳತೆಯಲ್ಲಿ ಮೂರು ವಿಷಯ ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಕಡಿಮೆ ಬಂದ ಸಂಖ್ಯೆ, ಎಲ್ಲಕ್ಕಿಂತ ಜಾಸ್ತಿ ಬಂದದ್ದು, ಮತ್ತು ನೂರಕ್ಕೆ ಎಷ್ಟು ಕಳೆದುಹೋಯಿತು ಅನ್ನುವುದು. ಕಡಿಮೆ ಸಂಖ್ಯೆ ದೂರದ ಪಾಲನ್ನು ತೋರಿಸುತ್ತದೆ. ಕಡಿಮೆ ಮತ್ತು ಜಾಸ್ತಿಯ ನಡುವಿನ ಅಂತರ ಸಾಲು ನಿಂತಿರುವುದನ್ನು ತೋರಿಸುತ್ತದೆ. ಕಳೆದುಹೋದದ್ದು ಮಳೆ, ಮರ, ಕೇಬಲ್ ಕಡೆ ಕೈ ತೋರಿಸುತ್ತದೆ. ನಿಂತಲ್ಲೇ ನಿಂತ ಉಪಗ್ರಹದ ದೂರ ಹೀಗೆ ಏರಿಳಿಯುವುದಿಲ್ಲ. ಭೂಸ್ಥಿರ ಉಪಗ್ರಹದ ಡಿಶ್‌ನಲ್ಲಿ ಪಿಂಗ್ ಒಮ್ಮೆ 620, ಒಮ್ಮೆ 1,900, ಒಮ್ಮೆ 800 ಅಂತ ಕುಣಿಯುತ್ತಿದ್ದರೆ ಅದು ಎತ್ತರದ ತಪ್ಪಲ್ಲ.

ಅಕ್ಕನ ಮನೆಯಲ್ಲಿ ಕಡಿಮೆ 618, ಜಾಸ್ತಿ 2,340, ಕಳೆದುಹೋದದ್ದು ನೂರಕ್ಕೆ 6. ದೋಷ ಒಂದಲ್ಲ, ಎರಡು ಅಂತ ಆಗಲೇ ಅನಿಸಿತು.

ಮನೆಯೊಳಗಿನ ತಡ

ರೂಟರ್‌ಗೆ ಕೇಬಲ್‌ನಲ್ಲಿ 1 ಬಂದು, ಕೋಣೆಯಲ್ಲಿ ಕೂತು ವೈಫೈನಲ್ಲಿ 80, 150 ಬಂದರೆ ತಪ್ಪು ಗೋಡೆಯದ್ದು. ಹಳೆಯ ಐನ್‌ಮನೆಗಳ (ಕೊಡವ ಕುಟುಂಬಗಳ ಹಿರಿಯರ ಮನೆಗಳ) ಗೋಡೆ ಎಷ್ಟು ದಪ್ಪ ಅಂತ ಗೊತ್ತಲ್ಲ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ವೈಫೈ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಮೇಲೆ ರಿಪೀಟರ್ ಹಾಕಬೇಡಿ, ಒಂದೊಂದೂ ತಡ ಸೇರಿಸುತ್ತದೆ. ಕೇಬಲ್ ಎಳೆದು ಆ ಕಡೆಯಲ್ಲಿ ವೈಫೈ ಕೊಡುವ ಇನ್ನೊಂದು ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟ್, ಇಡಿ. ಇದಕ್ಕಿಂತ ಜಾಸ್ತಿ ಹೇಳಲು ಇಲ್ಲಿ ಏನೂ ಇಲ್ಲ.

ಸಾಲು ನಿಂತಿರುವ ತಡ

ನಾನು ನೋಡಿದ ಮನೆಗಳಲ್ಲಿ ಜಾಸ್ತಿ ಸಿಕ್ಕಿದ ದೋಷ ಇದೇ. ಉಪಗ್ರಹ ಪ್ಲಾನ್‌ಗಳಲ್ಲಿ ಇಳಿಸುವ ಸ್ಪೀಡ್ ಚೆನ್ನಾಗಿರುತ್ತದೆ, ಏರಿಸುವ ಸ್ಪೀಡ್ ಬಹಳ ಕಡಿಮೆ. ಅಕ್ಕನ ಪ್ಲಾನ್‌ನಲ್ಲಿ ಇಳಿಯುವುದು 15 ಎಂಬಿ, ಏರುವುದು 2. ಹತ್ತು ಜನ ಗೆಸ್ಟ್‌ಗಳು ಇಡೀ ದಿನ ತಲಕಾವೇರಿ, ಭಾಗಮಂಡಲ ಸುತ್ತಿ ಸಂಜೆ ಬಂದು ವೈಫೈಗೆ ಸೇರುತ್ತಾರೆ. ಅವರಿಗೇ ಗೊತ್ತಿಲ್ಲದೆ ಫೋನ್‌ಗಳು ದಿನದ ಫೋಟೋ, ವಿಡಿಯೋಗಳನ್ನೆಲ್ಲ ಬ್ಯಾಕಪ್ ಮಾಡಲು ಶುರು ಮಾಡುತ್ತವೆ.

ಏರುವ ದಾರಿ ತುಂಬಿದರೆ ಮೋಡೆಮ್ ಪ್ಯಾಕೆಟ್‌ಗಳನ್ನು (ಮಾಹಿತಿಯ ಸಣ್ಣ ತುಂಡುಗಳನ್ನು) ಕೂಡಲೇ ಬಿಸಾಡುವುದಿಲ್ಲ, ಒಳಗೆ ಸಾಲಾಗಿ ನಿಲ್ಲಿಸುತ್ತದೆ. ಉಪಗ್ರಹ ಮೋಡೆಮ್‌ಗಳಲ್ಲಿ ಈ ಜಾಗ ದೊಡ್ಡದಾಗಿಯೇ ಇರುತ್ತದೆ, ಯಾಕೆಂದರೆ ದೂರದ ದಾರಿಯನ್ನು ತುಂಬಿಸಿಡಲು ಅಷ್ಟು ಬೇಕು. ನಿಮ್ಮ ಯುಪಿಐ ಕೋರಿಕೆ ಒಂದು ಚೀಟಿಯಷ್ಟು ಸಣ್ಣದು. ಆದರೂ ಅದು ಆ ಎಲ್ಲ ಫೋಟೋಗಳ ಹಿಂದೆ ನಿಲ್ಲಬೇಕು. ಒಂದು ಬೈಟ್ ಅಂದರೆ ಎಂಟು ಬಿಟ್, ಹಾಗಾಗಿ 2 ಎಂಬಿ ದಾರಿಯಲ್ಲಿ ಮುಂದೆ 375 ಕಿಲೋಬೈಟ್ ನಿಂತಿದ್ದರೆ ಒಂದೂವರೆ ಸೆಕೆಂಡ್ ಕಾಯಬೇಕು. ಲೆಕ್ಕ ಹಾಕಿ ನೋಡಿ, ಅಕ್ಕನ ಮನೆಯಲ್ಲಿ ಜಾಸ್ತಿಯಾಗಿದ್ದ 1,500 ಮಿಲಿಸೆಕೆಂಡ್ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಪರೀಕ್ಷೆ ಹೀಗೆ. ವೈಫೈ ಪೂರ್ತಿ ಆಫ್ ಮಾಡಿ, ಲ್ಯಾಪ್‌ಟಾಪ್ ಒಂದನ್ನೇ ಕೇಬಲ್‌ನಲ್ಲಿ ಇಟ್ಟು ಪಿಂಗ್ ಓಡಿಸಿ. 620ಕ್ಕೆ ಇಳಿಯಿತಾ? ಈಗ ಅದೇ ಲ್ಯಾಪ್‌ಟಾಪ್‌ನಿಂದ ಒಂದು ದೊಡ್ಡ ವಿಡಿಯೋ ಅಪ್‌ಲೋಡ್‌ಗೆ ಹಾಕಿ. ಪಿಂಗ್ ನಿಧಾನಕ್ಕೆ 900, 1,300, 1,800 ಅಂತ ಏರಿ, ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಮತ್ತೆ 620ಕ್ಕೆ ಬಂದರೆ ಸಾಲಿನ ತಡ ಅನ್ನುವುದರಲ್ಲಿ ಅನುಮಾನವಿಲ್ಲ. ನಾನು ಇದನ್ನು ಅಕ್ಕನ ಎದುರೇ ಮಾಡಿದೆ. ಸಂಖ್ಯೆ ಏರುವುದನ್ನು ನೋಡಿ "ಅಯ್ಯೋ, ಡಿಶ್ಶಿಗೆ ಸುಮ್ನೆ ಬೈದೆವಲ್ಲ" ಅಂದರು.

ಪರಿಹಾರ ರೂಟರ್‌ನಲ್ಲಿದೆ. ಏರುವ ಸ್ಪೀಡಿಗೆ ಅಲ್ಲೇ ಮಿತಿ ಹಾಕಬೇಕು, ನಿಜವಾದ ಸ್ಪೀಡಿನ ನೂರಕ್ಕೆ 85ರಷ್ಟು. ಆಗ ಸಾಲು ಮೋಡೆಮ್‌ನಲ್ಲಿ ನಿಲ್ಲದೆ ರೂಟರ್‌ನಲ್ಲಿ ನಿಲ್ಲುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಇರುವ ರೂಟರ್ ಆದರೆ ಸಾಲು ನಿಭಾಯಿಸುವ ಎಸ್‌ಕ್ಯೂಎಂ ಅನ್ನುವ ಸೌಲಭ್ಯ ಹಾಕಿಕೊಳ್ಳಬಹುದು. ಅದರೊಳಗಿನ ಕೇಕ್ ಎಂಬ ವಿಧಾನ ಸಣ್ಣ ಪ್ಯಾಕೆಟ್‌ಗಳನ್ನು ಫೋಟೋಗಳ ಹಿಂದೆ ಕಾಯಿಸುವುದಿಲ್ಲ, ಎಲ್ಲರಿಗೂ ಸರದಿ ಹಂಚುತ್ತದೆ. ಸಾಧಾರಣ ರೂಟರ್ ಆದರೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ, ಅದಕ್ಕೆ ಮಾತ್ರ ಅಪ್‌ಲೋಡ್ ಮಿತಿ ಕೊಡಿ. ಒಂದು ಎಚ್ಚರಿಕೆ: ಎಸ್‌ಕ್ಯೂಎಂ ಸಾಲನ್ನು ಕರಗಿಸುತ್ತದೆ, ದೂರವನ್ನಲ್ಲ. ಹಾಕಿದ ಮೇಲೂ 620 ಇದೆಯಲ್ಲ ಅಂತ ಸೆಟ್ಟಿಂಗ್ ಕೆದಕುತ್ತಾ ಕೂರಬೇಡಿ.

ಮಳೆ, ಮರ, ನೀರು

ಈಗ ಆ ನೂರಕ್ಕೆ 6. ಪಿಂಗ್ ಓಡುತ್ತಿರುವಾಗ ನಡುನಡುವೆ ರಿಕ್ವೆಸ್ಟ್ ಟೈಮ್ಡ್ ಔಟ್ ಅಂತ ಬಂದರೆ ಆ ಪ್ಯಾಕೆಟ್‌ಗೆ ನಾಲ್ಕು ಸೆಕೆಂಡ್ ಕಾದರೂ ಉತ್ತರ ಬರಲಿಲ್ಲ ಅಂತ ಅರ್ಥ. ದೂರ ಇದನ್ನು ಮಾಡುವುದಿಲ್ಲ. ಆದರೆ ದೂರ ಇದರ ಪೆಟ್ಟನ್ನು ದೊಡ್ಡದು ಮಾಡುತ್ತದೆ. ಕಳೆದುಹೋದದ್ದನ್ನು ಮತ್ತೆ ತರಿಸಲು ಇನ್ನೊಂದು 620 ಬೇಕು. ಫೈಬರ್‌ನಲ್ಲಿ ನೂರಕ್ಕೆ ಒಂದೆರಡು ಕಳೆದರೆ ಗೊತ್ತಾಗದೇ ಹೋಗಬಹುದು. ಇಲ್ಲಿ ಪುಟ ಅರ್ಧಕ್ಕೆ ನಿಂತುಬಿಡುತ್ತದೆ.

ಮೊದಲು ಮೋಡೆಮ್‌ನ ಪುಟ ತೆರೆದು ಸಿಗ್ನಲ್ ನೋಡಿ. ಡೆಸಿಬೆಲ್‌ನಲ್ಲಿ ಒಂದು ಸಂಖ್ಯೆ ಇರುತ್ತದೆ. ಬಿಸಿಲಿನ ದಿನ ಎಷ್ಟಿತ್ತು ಅಂತ ಗೊತ್ತಿದ್ದರೆ ಹೋಲಿಸಬಹುದು. ಹಾಗಾಗಿ ಏಪ್ರಿಲ್‌ನಲ್ಲೇ ಒಂದು ದಿನ ಬರೆದು ಮೋಡೆಮ್ ಮೇಲೆ ಚೀಟಿ ಅಂಟಿಸಿ. ಅಳತೆಗೆ ಅದೇ ನಿಮ್ಮ ಕಲ್ಲು.

ಮಳೆ ಬಂದಾಗ ಮಾತ್ರ ಸಂಖ್ಯೆ ಇಳಿದು, ನಿಂತ ಮೇಲೆ ಮೊದಲಿನಂತಾದರೆ ಅದು ಮಳೆಯ ಹೊಡೆತ. ಹನಿಗಳು ರೇಡಿಯೋ ಅಲೆಯನ್ನು ಹೀರುತ್ತವೆ. ಉಪಗ್ರಹಗಳು ಬಳಸುವ ಅಲೆಗಳ ಗುಂಪುಗಳಲ್ಲಿ (ಬ್ಯಾಂಡ್‌ಗಳಲ್ಲಿ) ಕೆಎ ಬ್ಯಾಂಡ್‌ಗೆ ಪೆಟ್ಟು ಜಾಸ್ತಿ, ಕೆಯು ಬ್ಯಾಂಡ್‌ಗೆ ಅದಕ್ಕಿಂತ ಕಡಿಮೆ, ಸಿ ಬ್ಯಾಂಡ್‌ಗೆ ಬಹಳ ಕಡಿಮೆ. ಈಗಿನ ಮೋಡೆಮ್‌ಗಳು ಜೋರು ಮಳೆಯಲ್ಲಿ ಸಂಪರ್ಕ ಕಡಿಯುವ ಬದಲು ಸ್ಪೀಡ್ ಇಳಿಸಿ ಹಿಡಿದುಕೊಳ್ಳುತ್ತವೆ. ಸ್ಪೀಡ್ ಇಳಿದರೆ ಸಾಲು ಬೆಳೆಯುತ್ತದೆ, ಸಾಲು ಬೆಳೆದರೆ ಪಿಂಗ್ ಏರುತ್ತದೆ. ಮಳೆಗಾಲದಲ್ಲಿ ಉಪಗ್ರಹ ದೂರ ಹೋದ ಹಾಗೆ ಅನಿಸುವುದು ಇದಕ್ಕೇ. ಇಲ್ಲಿ ಬಿಸಿಲಿದ್ದೂ ಸಿಗ್ನಲ್ ಸರಿಯಿದ್ದೂ ಸಂಪರ್ಕ ಸೊರಗಿದರೆ ಹಬ್ ಇರುವ ಊರಿನಲ್ಲಿ ಮಳೆಯಿದೆಯಾ ಅಂತಲೂ ವಿಚಾರಿಸಿ.

ಒಂದು ವಿಷಯ ನನಗೆ ಬಹಳ ಇಷ್ಟ. ಮಳೆ ಇರುವುದು ಆಕಾಶದ ಕೆಳಗಿನ ಐದಾರು ಕಿಲೋಮೀಟರಿನಲ್ಲಿ ಮಾತ್ರ. ಕೊಡಗಿನಿಂದ 74 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಭಾರತದ ಭೂಸ್ಥಿರ ಉಪಗ್ರಹ ಜೀಸ್ಯಾಟ್-11 ಕಡೆ ಡಿಶ್ ತಿರುಗಿಸಿದರೆ ಅದು ನೆಲದಿಂದ ಸುಮಾರು 75 ಡಿಗ್ರಿ ಮೇಲಕ್ಕೆ, ಹೆಚ್ಚುಕಡಿಮೆ ನೆತ್ತಿಯ ಕಡೆಗೇ ನೋಡುತ್ತದೆ. ಹಾಗಾಗಿ 36,000 ಕಿಲೋಮೀಟರ್ ದಾರಿಯಲ್ಲಿ ಮಳೆಯೊಳಗೆ ಸಾಗುವುದು ಐದು ಕಿಲೋಮೀಟರ್ ಚಿಲ್ಲರೆ. ಕೆಳ ಕಕ್ಷೆಯ ಉಪಗ್ರಹ ಅಂಚಿಗೆ ಸರಿದು 25 ಡಿಗ್ರಿಯಲ್ಲಿದ್ದಾಗ ಅಲೆ ಓರೆಯಾಗಿ ಬಂದು ಮಳೆಯೊಳಗೆ ಹನ್ನೆರಡು ಕಿಲೋಮೀಟರಿನಷ್ಟು ಸಾಗಬೇಕು. ಎತ್ತರ ಕಡಿಮೆಯಾದರೆ ತಡ ಕಡಿಮೆಯಾಗುತ್ತದೆ, ನಿಜ. ಮಳೆ ಕಡಿಮೆಯಾಗುವುದಿಲ್ಲ.

ಮಳೆ ನಿಂತು ಎರಡು ಗಂಟೆಯಾದರೂ ಸಿಗ್ನಲ್ ಏರದಿದ್ದರೆ ಮಳೆಯನ್ನು ಬಿಟ್ಟು ನೀರನ್ನು ಹುಡುಕಿ. ಡಿಶ್‌ನ ಮುಂದಿರುವ ಮೂತಿಯ ಮುಚ್ಚಳ ಬಿರಿದಿದೆಯಾ, ಒಳಗೆ ನೀರಿದೆಯಾ ನೋಡಿ. ಡಿಶ್‌ನ ಮೇಲೆ ಪಾಚಿ ಹಿಡಿದಿದ್ದರೆ ಮೆತ್ತಗಿನ ಬಟ್ಟೆಯಿಂದ ಒರೆಸಿ, ಉಜ್ಜಬೇಡಿ. ಕೇಬಲ್ ಮೂತಿಗೆ ಸೇರುವ ಕನೆಕ್ಟರ್ ಬಿಚ್ಚಿ. ನಡುವಿನ ತಾಮ್ರದ ಕಡ್ಡಿ ಹೊಳೆಯಬೇಕು. ಹಸಿರು ಅಥವಾ ಕಪ್ಪು ಆಗಿದ್ದರೆ ನೀರು ಒಳಗೆ ಹೋಗಿದೆ. ಬಿಚ್ಚುವ ಮೊದಲು ಮೋಡೆಮ್‌ನ ಕರೆಂಟ್ ತೆಗೆಯಿರಿ, ಆ ಕೇಬಲ್‌ನಲ್ಲೇ ಮೂತಿಗೆ ವಿದ್ಯುತ್ ಹೋಗುತ್ತಿರುತ್ತದೆ. ಜಾರುವ ಹಂಚಿನ ಮೇಲೆ, ಸಿಡಿಲಿನ ಹೊತ್ತಿನಲ್ಲಿ ಹತ್ತಲೇಬೇಡಿ. ಕೇಬಲ್ ಕನೆಕ್ಟರ್‌ಗೆ ಸೇರುವ ಮೊದಲು ಒಂದು ಬಾಗು ಕೆಳಕ್ಕೆ ಇಳಿದು ಮೇಲೇರಬೇಕು. ಆಗ ನೀರು ಬಾಗಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್‌ಗೆ ಇಳಿಯುವುದಿಲ್ಲ. ಅಕ್ಕನ ಮನೆಯಲ್ಲಿ ಈ ಬಾಗು ಇರಲಿಲ್ಲ. ಕನೆಕ್ಟರ್ ಬಿಚ್ಚಿದಾಗ ಒಂದು ಹನಿ ನನ್ನ ಕೈಮೇಲೆ ಬಿತ್ತು. ಆ ನೂರಕ್ಕೆ 6 ಇದೇ.

ಮರದ ಕಥೆ ಬೇರೆ. ಭೂಸ್ಥಿರ ಡಿಶ್‌ಗೆ ಆಕಾಶದ ಒಂದು ಸಣ್ಣ ಕಿಂಡಿ ಸಾಕು. ಆದರೆ ಡಿಶ್ ಹಾಕಿದ ವರ್ಷ ಖಾಲಿಯಿದ್ದ ಆ ಕಿಂಡಿಗೆ ಮೂರು ವರ್ಷದಲ್ಲಿ ಸಿಲ್ವರ್ ಓಕ್‌ನ ಕೊಂಬೆ ಬಂದಿರುತ್ತದೆ. ಒಣ ಎಲೆಗಿಂತ ನೆನೆದ ಎಲೆ ಜಾಸ್ತಿ ತಡೆಯುತ್ತದೆ. ಗಾಳಿ ಬೀಸಿದಾಗ ಸಿಗ್ನಲ್ ಏರಿಳಿದರೆ ಮರವೇ ಕಾರಣ. ಮಳೆಗಾಲಕ್ಕೆ ಮೊದಲು ನೆರಳು ಮರ ಕಪಾತು ಮಾಡಿಸುವಾಗ ಆಳುಗಳಿಗೆ ಡಿಶ್ ನೋಡುವ ದಿಕ್ಕನ್ನೂ ತೋರಿಸಿಬಿಡಿ, ಬೇರೆ ಖರ್ಚಿಲ್ಲ.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಕೆಲವು ನಿಮಿಷ ಸಂಪರ್ಕ ಪೂರ್ತಿ ಹೋದರೆ ಏನೂ ಮಾಡಬೇಡಿ. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ತಾನಾಗಿ ಸರಿಯಾಗುತ್ತದೆ.

ಪಿಂಗ್ ಸರಿ, ಸ್ಪೀಡ್ ಸರಿ, ಕೆಲಸ ಮಾತ್ರ ಆಗ್ತಿಲ್ಲ

ಒಂದು ಪುಟ ತೆರೆಯಲು ಒಂದೇ ಸುತ್ತು ಸಾಲದು. ಮೊದಲು ಹೆಸರಿನ ವಿಳಾಸ ಕೇಳಬೇಕು, ಒಂದು ಸುತ್ತು. ಸರ್ವರ್ ಜೊತೆ ಸಂಪರ್ಕ ಮಾಡಬೇಕು, ಇನ್ನೊಂದು. ಮಾಹಿತಿಗೆ ಸುರಕ್ಷಿತ ಬೀಗ ಹಾಕುವ ಟಿಎಲ್‌ಎಸ್ ಎಂಬ ವಿಧಾನದ ಹಳೆಯ 1.2ರಲ್ಲಿ ಎರಡು, 2018ರಲ್ಲಿ ಬಂದ 1.3ರಲ್ಲಿ ಒಂದು. ಆಮೇಲೆ ಪುಟ ಕೇಳಲು ಒಂದು. ಐದು ಸುತ್ತು ಅಂದರೆ ಐದು ಸಲ 620, ಮೂರು ಸೆಕೆಂಡಿಗಿಂತ ಜಾಸ್ತಿ. ಇನ್ನೂ ಒಂದು ಅಕ್ಷರವೂ ಬಂದಿಲ್ಲ. ಕೆಳ ಕಕ್ಷೆಯ 40 ಮಿಲಿಸೆಕೆಂಡಿನ ಸಂಪರ್ಕದಲ್ಲಿ ಅದೇ ಐದು ಸುತ್ತು ಕಾಲು ಸೆಕೆಂಡಿನೊಳಗೆ ಮುಗಿಯುತ್ತದೆ. ಎತ್ತರದ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ.

ಸಂಪರ್ಕ ಆದ ಮೇಲೂ ಕಂಪ್ಯೂಟರ್‌ಗಳು ಒಮ್ಮೆಗೇ ಪೂರ್ತಿ ವೇಗದಲ್ಲಿ ಕಳಿಸುವುದಿಲ್ಲ. ಸ್ವಲ್ಪ ಕಳಿಸಿ, ತಲುಪಿತು ಅಂತ ಉತ್ತರ ಬಂದ ಮೇಲೆ ದುಪ್ಪಟ್ಟು ಕಳಿಸುತ್ತವೆ. 600 ಮಿಲಿಸೆಕೆಂಡಿನ ದಾರಿಯಲ್ಲಿ 10 ಎಂಬಿ ಸ್ಪೀಡ್ ಮುಟ್ಟಲು ಆರು ಸುತ್ತು, ಮೂರೂವರೆ ಸೆಕೆಂಡಿಗಿಂತ ಜಾಸ್ತಿ ಬೇಕು. ಇದನ್ನು ತಪ್ಪಿಸಲು ಉಪಗ್ರಹ ಮೋಡೆಮ್ ಒಂದು ಉಪಾಯ ಮಾಡುತ್ತದೆ. ದೂರದ ಸರ್ವರ್‌ನ ಪರವಾಗಿ ತಾನೇ "ತಲುಪಿತು" ಅಂತ ನಿಮ್ಮ ಕಂಪ್ಯೂಟರ್‌ಗೆ ಹೇಳಿಬಿಡುತ್ತದೆ. ಸ್ಪೀಡ್ ಟೆಸ್ಟ್ ಚೆನ್ನಾಗಿ ಬರುವುದಕ್ಕೆ ಇದೂ ಒಂದು ಕಾರಣ.

ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಬೀಗ ಹಾಕಿದ ದಾರಿ) ಹಾಕಿದ ಕೂಡಲೇ ಈ ಉಪಾಯ ಕೆಲಸ ಮಾಡುವುದಿಲ್ಲ. ಎಲ್ಲವೂ ಬೀಗದೊಳಗೆ ಹೋಗುವುದರಿಂದ ಮೋಡೆಮ್‌ಗೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಬೆಂಗಳೂರಿನ ಕೆಲಸವನ್ನು ಪೊನ್ನಂಪೇಟೆಯ ತೋಟದ ಮನೆಯಿಂದ ಮಾಡುವ ಹುಡುಗನೊಬ್ಬ ನನ್ನನ್ನು ಕರೆಸಿದ್ದ. ವಿಪಿಎನ್ ಇಲ್ಲದೆ 12 ಎಂಬಿ, ಹಾಕಿದರೆ ಒಂದು ಎಂಬಿಯೂ ಇಲ್ಲ. ಲೆಕ್ಕ ನೋಡಿ. ಒಂದು ಸಲಕ್ಕೆ 64 ಕಿಲೋಬೈಟ್ ಮಾತ್ರ ಕಳಿಸಿ ಉತ್ತರಕ್ಕೆ ಕಾಯುವ ಹಳೆಯ ಸಂಪರ್ಕವಾದರೆ, 600 ಮಿಲಿಸೆಕೆಂಡಿಗೊಮ್ಮೆ 64 ಕಿಲೋಬೈಟ್, ಅಂದರೆ 0.87 ಎಂಬಿ. ಲಾರಿ ಎಷ್ಟೇ ದೊಡ್ಡದಿದ್ದರೂ ಒಂದೇ ಮೂಟೆ ಹಾಕಿ ಕಳಿಸಿದ ಹಾಗೆ. ಆಫೀಸಿನವರನ್ನು ಕೇಳಿ ಆಫೀಸಿನ ಕೆಲಸ ಮಾತ್ರ ವಿಪಿಎನ್ ಒಳಗೆ, ಉಳಿದದ್ದು ಹೊರಗೆ ಹೋಗುವ ಹಾಗೆ ಮಾಡಿಸಿಕೊಂಡ. ಆಫೀಸಿನ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಬಿಟ್ಟು ಫೈಲ್ ಇಳಿಸಿಕೊಂಡು ಕೆಲಸ ಮಾಡಲು ಶುರು ಮಾಡಿದ. ಪ್ರತಿ ಅಕ್ಷರಕ್ಕೂ 600 ಮಿಲಿಸೆಕೆಂಡ್ ಕಾಯುವುದು ತಪ್ಪಿತು.

ಇನ್ನೊಂದು ವಿಚಿತ್ರ ದೂರು. ಬೆಂಗಳೂರಿಗೆ ಕರೆ ಮಾಡಿದರೆ ಪರವಾಗಿಲ್ಲ, ಚಿಕ್ಕಮಗಳೂರಿನ ತಮ್ಮದೇ ಇನ್ನೊಂದು ತೋಟಕ್ಕೆ ಮಾಡಿದರೆ ಮಾತೇ ಆಗುವುದಿಲ್ಲ ಅಂತ ಒಬ್ಬರು ಹೇಳಿದರು. ಎರಡೂ ಕಡೆ ಭೂಸ್ಥಿರ ಡಿಶ್. ಮಾತು ಇಲ್ಲಿಂದ ಮೇಲೇರಿ ಹಬ್‌ಗೆ ಇಳಿದು, ಮತ್ತೆ ಮೇಲೇರಿ ಚಿಕ್ಕಮಗಳೂರಿಗೆ ಇಳಿಯುತ್ತದೆ. ಒಂದು ಕಡೆಯ ಮಾತಿಗೇ 480ಕ್ಕಿಂತ ಜಾಸ್ತಿ. ಮಾತುಕತೆಗೆ ಒಂದು ದಿಕ್ಕಿನ ತಡ 150ರೊಳಗಿದ್ದರೆ ಚೆನ್ನ, 400 ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಮಾತು ಒಮ್ಮೆ ಮೇಲೇರಿ ಇಳಿಯುವ ಒಂದೇ ಜಿಗಿತವಾದರೆ 300ರ ಹತ್ತಿರ, ಹೇಗೋ ನಡೆಯುತ್ತದೆ. ಎರಡು ಜಿಗಿತವಾದರೆ ಮಿತಿ ದಾಟಿತು. ಒಂದು ತುದಿಯನ್ನಾದರೂ ಫೈಬರ್‌ಗೋ ಮೊಬೈಲ್‌ಗೋ ಬದಲಾಯಿಸಬೇಕು. ಅದಾಗುವ ತನಕ ಧ್ವನಿ ಸಂದೇಶ ಕಳಿಸಿ, ಎಲ್ಲಕ್ಕಿಂತ ನೆಮ್ಮದಿ.

ಕೆಳ ಕಕ್ಷೆಯ ಡಿಶ್ ಆದರೆ

ಇಸ್ರೋದ ಎಲ್‌ವಿಎಂ3 ರಾಕೆಟ್ 2022ರ ಅಕ್ಟೋಬರ್ 23ರಂದು ಮತ್ತು 2023ರ ಮಾರ್ಚ್ 26ರಂದು ಒನ್‌ವೆಬ್‌ನ 36, 36 ಉಪಗ್ರಹಗಳನ್ನು ಶ್ರೀಹರಿಕೋಟಾದಿಂದ ಮೇಲೇರಿಸಿತು. ಆ ಸಾಲಿನ ಉಪಗ್ರಹಗಳ ಡಿಶ್‌ನಲ್ಲಿ 600 ಬಂದರೆ ಅದು ಖಂಡಿತ ದೋಷ. ಕೆಳ ಕಕ್ಷೆಯಲ್ಲಿ 30ರಿಂದ 80ರೊಳಗೆ ನಿಲ್ಲುವುದನ್ನು ನಿರೀಕ್ಷಿಸಬಹುದು.

ಇಲ್ಲಿ ಪಿಂಗ್ ಸ್ವಲ್ಪ ಏರಿಳಿಯುವುದು ಸಹಜ, ಉಪಗ್ರಹವೇ ಓಡುತ್ತಿದೆಯಲ್ಲ. 550 ಕಿಲೋಮೀಟರಿನ ಉಪಗ್ರಹ ನೆತ್ತಿಯ ಮೇಲಿದ್ದಾಗ ಲೆಕ್ಕ 7. ಅದು 25 ಡಿಗ್ರಿಗೆ ಇಳಿದಾಗ ಓರೆ ದೂರ 1,100 ಕಿಲೋಮೀಟರ್ ದಾಟುತ್ತದೆ, ಲೆಕ್ಕ 15. ಹತ್ತಿಪ್ಪತ್ತು ಮಿಲಿಸೆಕೆಂಡಿನ ಕುಣಿತವನ್ನು ದೋಷ ಅನ್ನಬೇಡಿ. ಆದರೆ ಕೆಲವು ನಿಮಿಷಕ್ಕೊಮ್ಮೆ ಎರಡು ಮೂರು ಸೆಕೆಂಡ್ ಪೂರ್ತಿ ಕಡಿದುಹೋದರೆ ಮರ ನೋಡಿ. ಈ ಡಿಶ್‌ಗೆ ಕಿಂಡಿ ಸಾಲದು, ಬಯಲು ಬೇಕು. ನೆರಳು ಮರಗಳ ನಡುವಿನ ಮನೆಯ ಮಾಡಿಗಿಂತ ಕಾಫಿ ಒಣಗಿಸುವ ಕಣದ ಅಂಚು ಒಳ್ಳೆಯ ಜಾಗ, ಅಲ್ಲಿ ಆಕಾಶ ತೆರೆದಿರುತ್ತದೆ.

ಕಡಿಮೆ ಬಂದ ಸಂಖ್ಯೆಯೇ 200ಕ್ಕಿಂತ ಜಾಸ್ತಿ ಇದ್ದರೆ ಟ್ರೇಸರ್ಟ್ ಎಂಬ ಕಮಾಂಡ್ ಓಡಿಸಿ. ದಾರಿಯ ಒಂದೊಂದು ಮೆಟ್ಟಿಲಿಗೂ ಎಷ್ಟು ಹೊತ್ತಾಯಿತು ಅಂತ ತೋರಿಸುತ್ತದೆ. ಮೊದಲ ಎರಡು ಮೂರು ಮೆಟ್ಟಿಲು 50ರೊಳಗಿದ್ದು ಆಮೇಲೆ ಜಿಗಿದರೆ ಸರ್ವರ್ ಬೇರೆ ದೇಶದಲ್ಲಿರಬಹುದು. ಅಮೆರಿಕದ ಸರ್ವರ್‌ಗೆ ನೆಲದ ಫೈಬರ್‌ನಲ್ಲೇ 200 ದಾಟುತ್ತದೆ, ಅದಕ್ಕೆ ಉಪಗ್ರಹ ಏನು ಮಾಡೀತು.

ಕಂಪನಿಗೆ ಫೋನ್ ಮಾಡುವ ಮೊದಲು

"ನೆಟ್ ಸ್ಲೋ" ಅಂತ ಮಾತ್ರ ಹೇಳಿದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಕೇಬಲ್‌ನಲ್ಲಿ, ವೈಫೈ ಆಫ್ ಇದ್ದಾಗ ಐದು ನಿಮಿಷ ಅಳೆದ ಕಡಿಮೆ, ಜಾಸ್ತಿ, ನೂರಕ್ಕೆ ಕಳೆದದ್ದು, ಸಿಗ್ನಲ್‌ನ ಡೆಸಿಬೆಲ್, ಆಗ ಮಳೆ ಇತ್ತಾ ಇಲ್ವಾ ಅನ್ನುವುದನ್ನು ಒಂದೇ ಉಸಿರಿನಲ್ಲಿ ಹೇಳಿ. ಮೇಲೆ ಹೇಳಿದ್ದನ್ನೆಲ್ಲ ಮಾಡಿಯೂ, ಮನೆಯಲ್ಲಿ ಯಾರೂ ಬಳಸದ ನಸುಕಿನಲ್ಲಿ ಪಿಂಗ್ 620 ಇದ್ದು ದಿನಾ ಸಂಜೆ 1,000 ದಾಟಿದರೆ ಸಾಲು ನಿಮ್ಮ ಮನೆಯಲ್ಲಿಲ್ಲ, ಅವರ ಹಬ್‌ನಲ್ಲಿದೆ. ಎರಡು ಹೊತ್ತಿನ ಅಳತೆಯನ್ನೂ ಕಳಿಸಿ. ಅದನ್ನು ಸರಿಮಾಡಬೇಕಾದವರು ಅವರೇ.

ಅಕ್ಕನ ಮನೆಗೆ ಆದ ಖರ್ಚು ಎರಡು ಕನೆಕ್ಟರ್, ನೀರು ತಡೆಯುವ ಒಂದು ಸುರುಳಿ ಟೇಪ್. ರೂಟರ್‌ನಲ್ಲಿ ಗೆಸ್ಟ್‌ಗಳ ಅಪ್‌ಲೋಡ್‌ಗೆ ಮಿತಿ ಹಾಕಿ ಬಂದೆ. ಮುಂದಿನ ಶನಿವಾರ ಸಂಜೆ, ಮನೆ ತುಂಬಾ ಜನ ಇದ್ದಾಗ ಅವರೇ ಅಳೆದು ಕಳಿಸಿದರು: ಕಡಿಮೆ 617, ಜಾಸ್ತಿ 710, ಕಳೆದದ್ದು ಸೊನ್ನೆ. ಕೆಳಗೆ ಒಂದು ಸಾಲು ಬರೆದಿದ್ದರು, "617 ಹಾಗೇ ಉಂಟು, ಅದು ದೂರದ್ದು ಅಲ್ವಾ ತಮ್ಮಾ."